ಗ್ಯಾಲರಿಗೆ ಮೂವತ್ತು: ಮೊಳೆ ಖಾಲಿ ಬಿಡದೆ ಮನೆಮನೆಯ ಚಿತ್ರ ತಂದ ಬಗೆ

ಊರಿನ ಗ್ಯಾಲರಿಯೊಂದಕ್ಕೆ ಮೂವತ್ತು ವರ್ಷ ತುಂಬಿದರೆ ಶಾಮಿಯಾನ, ವೇದಿಕೆ, ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ ಎಂದು ಪಟ್ಟಿ ಶುರುವಾಗುತ್ತದೆ. ದಾವಣಗೆರೆಯಲ್ಲಿ ನಾವು ಈ ಸಲ ಆ ಪಟ್ಟಿಯನ್ನು ಪೂರ್ತಿ ಬದಿಗಿಟ್ಟೆವು. ಗ್ಯಾಲರಿ ಕಟ್ಟಿದ ಐವರು ಬರೆದು, ಮಾರಿ, ಮದುವೆ ಗೃಹಪ್ರವೇಶಗಳಿಗೆ ಉಡುಗೊರೆ ಕೊಟ್ಟು ಊರಿನ ಮನೆಗಳಿಗೆ ಸೇರಿಸಿದ್ದ ಚಿತ್ರಗಳನ್ನೇ ಎರವಲು ತಂದು ಎರಡು ವಾರ ಗೋಡೆಗೆ ಹಾಕಿದೆವು. ಹತ್ತಿರ ಹತ್ತಿರ 140 ಚಿತ್ರ, 90ರಷ್ಟು ಮನೆ. ಒಂದಕ್ಕೂ ಗೀರು ಬೀಳದೆ, ಮನೆಯವರೇ ಗ್ಯಾಲರಿಗೆ ಬಿಟ್ಟುಕೊಟ್ಟ ಕೆಲವನ್ನು ಬಿಟ್ಟು ಎಲ್ಲವೂ ತಮ್ಮ ಗೋಡೆಗೆ ವಾಪಸ್ ಹೋಗಿವೆ. ಈ ಅಳತೆಯಲ್ಲಿ ಹೀಗೆ ಮಾಡಿದ್ದನ್ನು ನಮ್ಮ ಸೀಮೆಯಲ್ಲಿ ನಾವು ಬೇರೆಲ್ಲೂ ನೋಡಿಲ್ಲ. ಬೇರೆ ಊರಿನವರು ಕೇಳುತ್ತಿದ್ದಾರೆ ಎಂದೇ ಇದನ್ನು ಬರೆಯುತ್ತಿದ್ದೇವೆ.

ಹೊರಡುವ ಮೊದಲು ಎಲ್ಲರ ಬಾಯಲ್ಲೂ ಒಂದೇ ಮಾತು: ಇಪ್ಪತ್ತು ವರ್ಷದಿಂದ ಪಡಸಾಲೆಯಲ್ಲಿರುವ ಚಿತ್ರವನ್ನು ಯಾರು ಬಿಚ್ಚಿ ಕೊಡುತ್ತಾರೆ? ಮೊದಲ ಸುತ್ತಿನಲ್ಲಿ ಅವರ ಮಾತೇ ನಿಜವಾಯಿತು. ಪತ್ರ ಕೊಟ್ಟು, ಫೋನ್ ಮಾಡಿ, ವಾಟ್ಸಾಪ್‌ನಲ್ಲಿ ಮನವಿ ಹಾಕಿ ಕೇಳಿದಾಗ ಹತ್ತು ಮನೆಯಲ್ಲಿ ಎರಡು ಒಪ್ಪಿದರೆ ಹೆಚ್ಚು. ವಿಮೆ ಮಾಡಿಸುತ್ತೇವೆ ಎಂದರೂ ಉಪಯೋಗವಾಗಲಿಲ್ಲ. ಕಳುವಿನ ಭಯ, ಹಾಳಾಗುವ ಭಯ ಇದ್ದೇ ಇರುತ್ತದೆ, ಆದರೆ ಜನ ಹಿಂಜರಿಯುತ್ತಿದ್ದದ್ದು ಬೇರೆ ಕಾರಣಕ್ಕೆ. ಚಿತ್ರ ಇಳಿಸಿದರೆ ಗೋಡೆಯ ಮೇಲೆ ಹಳೆಯ ಸುಣ್ಣದ ಚೌಕ, ಅದರ ಸುತ್ತ ಹೊಗೆ ಹಿಡಿದ ಗೆರೆ, ನಡುವೆ ತುಕ್ಕು ಹಿಡಿದ ಮೊಳೆ. ಬಂದವರೆಲ್ಲ ಏನಾಯಿತು ಎಂದು ಕೇಳುತ್ತಾರೆ. ಮನೆಯ ಹಿರಿಯರ ಭಾವಚಿತ್ರವಾದರಂತೂ ಮೊಳೆ ಖಾಲಿ ಇರುವುದೇ ಆಗಿಬರುವುದಿಲ್ಲ.

ಹಾಗಾಗಿ ಮೊಳೆಯನ್ನು ಖಾಲಿ ಬಿಡುವುದೇ ಬೇಡ ಎಂದು ತೀರ್ಮಾನಿಸಿದೆವು. ಮೂಲ ಚಿತ್ರ ಕೆಳಗಿಳಿದ ಗಳಿಗೆಯಲ್ಲೇ ಅದೇ ಅಳತೆಯ, ಚೌಕಟ್ಟಿನ ಸಮೇತ ತೆಗೆದ ನಕಲು ಅದೇ ಮೊಳೆಗೆ ಏರಬೇಕು. ಪೂರ್ತಿ ವಿಧಾನ ಇಷ್ಟೇ. ಇದಕ್ಕೆ ದುಡ್ಡು ಸುರಿಯುವುದು ದಂಡ ಎಂದವರು ಸಮಿತಿಯಲ್ಲೇ ಇದ್ದರು. ನಕಲು ಕೈಯಲ್ಲಿ ಹಿಡಿದು ಹೋದ ಮೇಲೆ ಹತ್ತರಲ್ಲಿ ಎಂಟು ಮನೆ ಕೊಟ್ಟವು.

ಒಂದು ಮನೆಗೆ ಕಡಿಮೆಯೆಂದರೂ ಎರಡು ಭೇಟಿ ಬೇಕು. ಮೊದಲ ಭೇಟಿಯಲ್ಲಿ ಏನನ್ನೂ ಕೇಳಬಾರದು. "ಮೇಷ್ಟ್ರು ಬರೆದದ್ದು ನಿಮ್ಮನೇಲಿ ಐತಂತೆ ಅಮ್ಮಾರೆ, ನೋಡ್ಕಂಡು ಒಂದು ಫೋಟೋ ತಕ್ಕಂಡು ಹೋಗ್ತೀವಿ" ಎಂದರೆ ಸಾಕು. ಚಿತ್ರ ಗೋಡೆಯ ಮೇಲಿದ್ದ ಹಾಗೇ ಫೋಟೋ ತೆಗೆಯಬೇಕು, ಆ ದಿನ ಇಳಿಸಿ ಎಂದು ಕೇಳಿದರೆ ಅಲ್ಲಿಗೇ ಮುಗಿಯಿತು. ಕಷ್ಟ ಇರುವುದು ಗಾಜಿನದು. ಎದುರಿನ ಕಿಟಕಿ, ಟ್ಯೂಬ್‌ಲೈಟ್, ಕ್ಯಾಮೆರಾ ಹಿಡಿದವರ ಬಿಳಿ ಅಂಗಿ ಎಲ್ಲವೂ ಗಾಜಿನಲ್ಲಿ ಕಾಣುತ್ತವೆ. ಒಂಬತ್ತು ಅಡಿ ಅಗಲದ ಕಪ್ಪು ಬಟ್ಟೆಯನ್ನು ಇಬ್ಬರು ಹಿಡಿದು ನಿಲ್ಲುವುದು, ನಡುವಿನ ತೂತಿನಿಂದ ಲೆನ್ಸ್ ಹೊರಗೆ ಬರುವುದು, ಎರಡು ಎಲ್‌ಇಡಿ ದೀಪ ಎಡಬಲದಲ್ಲಿ 45 ಡಿಗ್ರಿಗೆ ಇಡುವುದು. ತೈಲವರ್ಣದ ಹೊಳಪು ಇಷ್ಟಕ್ಕೂ ಹೋಗದಿದ್ದರೆ ದೀಪಗಳ ಮುಂದೆ ಪೋಲರೈಸಿಂಗ್ ಹಾಳೆ (ಬೆಳಕಿನ ಅಲೆಯನ್ನು ಒಂದೇ ದಿಕ್ಕಿಗೆ ಬಿಡುವ ಹಾಳೆ), ಲೆನ್ಸಿಗೆ ಪೋಲರೈಸರ್, ಎರಡೂ ಅಡ್ಡಡ್ಡ ಬರುವಂತೆ ತಿರುಗಿಸಿದರೆ ಹೊಳಪು ಮಾಯ. ಹಾಳೆ ದುಬಾರಿ, ಸುಮಾರು ಎರಡು ಸಾವಿರ ಕೊಟ್ಟ ನೆನಪು, ಆದರೆ ಪೂರ್ತಿ ಕೆಲಸಕ್ಕೆ ಒಂದೇ ಸಾಕಾಯಿತು. ಅಳತೆಯನ್ನು ಟೇಪಿನಲ್ಲಿ ನಾಲ್ಕೂ ಬದಿ ಹಿಡಿಯಬೇಕು. ಹಳೆಯ ಚೌಕಟ್ಟುಗಳು ಮೂಲೆಮಟ್ಟಕ್ಕೆ ಕೂತಿರುವುದಿಲ್ಲ, ಮೇಲೂ ಕೆಳಗೂ ಕಾಲು ಇಂಚು ವ್ಯತ್ಯಾಸ ಬರುತ್ತದೆ. ನಕಲು ಕಾಲಿಂಚು ಚಿಕ್ಕದಾದರೂ ಪಕ್ಕದಲ್ಲಿ ಹೊಗೆಗೆರೆ ಇಣುಕುತ್ತದೆ.

ನಕಲಿನ ವಸ್ತು ಹುಡುಕುವಲ್ಲೇ ಹೆಚ್ಚು ದುಡ್ಡು ಹೋಯಿತು. ಮೊದಲು ಫ್ಲೆಕ್ಸ್. ಅಗ್ಗ, ಚದರಡಿಗೆ ಹತ್ತು ಹದಿನೈದು ರೂಪಾಯಿ. ಆದರೆ ವಾಸನೆ, ಹೊಳಪು, ಅಂಚು ಸುರುಳಿ. ಪಡಸಾಲೆಯಲ್ಲಿ ಅದನ್ನು ಕಂಡರೆ ಚುನಾವಣೆಯ ಬ್ಯಾನರ್ ನೆನಪಾಗುತ್ತದೆ, ಮನೆಯವರು ಮುಖ ಸಿಂಡರಿಸಿದರು, ಸರಿಯೇ. ಆಮೇಲೆ 3 ಮಿ.ಮೀ. ಸನ್‌ಬೋರ್ಡಿಗೆ (ಹಗುರವಾದ ಫೋಮ್ ಹಲಗೆ) ಅಂಟಿಸಿದ ವಿನೈಲ್ ಪ್ರಿಂಟ್. ನೋಡಲು ಚೆನ್ನ, ಆದರೆ ಎರಡಡಿ ದಾಟಿದ್ದು ಪಡುವಣ ಗೋಡೆಯಲ್ಲಿ ನಾಲ್ಕೇ ದಿನಕ್ಕೆ ಬಿಲ್ಲಿನಂತೆ ಬಾಗಿತು. ಕೊನೆಗೆ ನಿಂತದ್ದು 5 ಮಿ.ಮೀ. ಸನ್‌ಬೋರ್ಡ್, ಮೇಲೆ ಮ್ಯಾಟ್ ಲ್ಯಾಮಿನೇಷನ್. ಚದರಡಿಗೆ 70ರಿಂದ 80 ರೂಪಾಯಿ, ಸರಾಸರಿ ಚಿತ್ರಕ್ಕೆ 250ರ ಆಸುಪಾಸು. ಲ್ಯಾಮಿನೇಷನ್ ಹೊಳಪಿನದು ಬೇಡ, ಹಗಲಲ್ಲಿ ಕನ್ನಡಿ ಆಗುತ್ತದೆ. ಬಣ್ಣದ ವಿಷಯದಲ್ಲಿ ಅಂಗಡಿಯ ಮಾನಿಟರನ್ನು ನಂಬಬಾರದು. ಇಟ್ಟಿಗೆ ಕೆಂಪು, ಬಿಸಿಲು ಬಿದ್ದ ಕಪ್ಪು ಮಣ್ಣು, ಕೋಟೆಯ ಕಲ್ಲಿನ ಬೂದು, ಈ ಮೂರೂ ತಪ್ಪು ಬರುತ್ತವೆ. ನಮ್ಮ ಕಡೆಯವರು ಚಿತ್ರದುರ್ಗದ ಬಂಡೆ ಬರೆಯದೆ ಇರುವುದಿಲ್ಲವಾದ್ದರಿಂದ ಆ ಬೂದು ಬಣ್ಣವೇ ನಮಗೆ ಹೆಚ್ಚು ಕಾಟ ಕೊಟ್ಟಿತು. ಒಂದೊಂದನ್ನೂ ಮೊದಲು ಅಂಗೈಯಗಲ ಪ್ರಿಂಟ್ ತೆಗೆಸಿ, ಮೂಲದ ಪಕ್ಕದಲ್ಲಿ ಹಿಡಿದು ನೋಡಿ, ಆಮೇಲೆ ಪೂರ್ತಿ ಅಳತೆ. ಆ ಬೂದು ಬರಲು ಫೈಲಿನಲ್ಲಿ ಏನು ಬದಲಿಸಿದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ಕೂತು ತೋರಿಸುತ್ತೇವೆ.

ನಕಲಿನ ಕೆಳಗೆ ಅರ್ಧ ಇಂಚಿನ ಪಟ್ಟಿ ಬಿಟ್ಟು ಪ್ರದರ್ಶನದ ತಾರೀಖು, ಜಾಗ, "ಮೂಲ ಚಿತ್ರ ಈಗ ಗ್ಯಾಲರಿಯಲ್ಲಿದೆ" ಎಂದು ಅಚ್ಚು ಹಾಕಿಸಿದೆವು. 90 ಮನೆಯ ಪಡಸಾಲೆಯಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ ಆ ಪಟ್ಟಿ ಇತ್ತು. ಬಂಧುಗಳು, ಹಾಲಿನವರು, ಟ್ಯೂಷನ್ನಿಗೆ ಬರುವ ಮಕ್ಕಳ ತಾಯಂದಿರು ಓದಿದರು. ಯಾವ ಆಮಂತ್ರಣ ಪತ್ರಿಕೆಯೂ ಅಷ್ಟು ಕೆಲಸ ಮಾಡಿಲ್ಲ.

ಚಿತ್ರ ಇಳಿಸಿ ತರುವ ಭೇಟಿಗೆ ಹೋಗುವಾಗ ಕೈಯಲ್ಲಿ ನಕಲು, ಎರವಲು ಚೀಟಿ, ಕಾರ್ಬನ್ ಹಾಳೆ ಇರಬೇಕು. ಚೀಟಿಯಲ್ಲಿ ಚಿತ್ರದ ಫೋಟೋ, ಅಳತೆ, ಮಾಧ್ಯಮ, ಈಗ ಇರುವ ಕಲೆ ಬಿರುಕುಗಳ ಗುರುತು, ವಾಪಸ್ ಕೊಡುವ ತಾರೀಖು. ಬೆಲೆಯ ಅಂಕಣ ಬೇಡ. ವಿಮೆಯವರು ಬೆಲೆ ಕೇಳುತ್ತಾರೆ, ಮನೆಯವರಿಗೆ ಹೇಳಲು ಬರುವುದಿಲ್ಲ, ಹೇಳಿದರೆ ಅಣ್ಣತಮ್ಮಂದಿರ ನಡುವೆ ಮಾತು ಏಳುತ್ತದೆ. ವಿಮೆ ಕೈಬಿಟ್ಟು, ಹಾನಿಯಾದರೆ ರಿಪೇರಿ ಪೂರ್ತಿ ನಮ್ಮದು ಎಂದು ಅಧ್ಯಕ್ಷರ ಸಹಿ ಇರುವ ಪತ್ರ ಲಗತ್ತಿಸಿದೆವು, ಅದೇ ಹೆಚ್ಚು ನಂಬಿಕೆ ಹುಟ್ಟಿಸಿತು. ತಂದೆಯ ಕಾಲದ ಚಿತ್ರವಾಗಿದ್ದು ಮಕ್ಕಳು ಪಾಲಾಗಿದ್ದರೆ ಎಲ್ಲರ ಸಹಿ ತೆಗೆದುಕೊಳ್ಳಬೇಕು. ಒಬ್ಬರು ಬೆಂಗಳೂರಿನಲ್ಲಿದ್ದರೆ ಫೋನಿನಲ್ಲಿ ಒಪ್ಪಿಸಿ ಮೆಸೇಜ್ ತರಿಸಿಕೊಂಡು ಚೀಟಿಗೆ ಅಂಟಿಸಬೇಕು. ಹಿರಿಯರ ಭಾವಚಿತ್ರಗಳ ಮನೆಗೆ ಪಕ್ಷಮಾಸ ಮುಗಿಯುವವರೆಗೆ ಹೋಗಲೇಬಾರದು, ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಕೇಳಿದರೆ ಸಲೀಸು.

ಇಳಿಸುವುದು ಇಬ್ಬರ ಕೆಲಸ. ಒಬ್ಬರು ಕೆಳ ಅಂಚು ಹಿಡಿದು ಎತ್ತಿದ ಮೇಲೇ ಇನ್ನೊಬ್ಬರು ದಾರ ಬಿಡಿಸಬೇಕು, ಏಕೆಂದರೆ ಹಳೆಯ ಸಣಬಿನ ದಾರ ಪುಡಿಯಾಗಿರುತ್ತದೆ. ಚಿತ್ರವನ್ನು ಬೋರಲು ಮಾಡಿ ಮಲಗಿಸಿ ನೋಡಿದರೆ ಮೂವತ್ತು ವರ್ಷದ ಕಥೆ ಹಿಂಬದಿಯಲ್ಲೇ ಇರುತ್ತದೆ. ಕಂದು ರಟ್ಟು, ಅದರ ನಾಲ್ಕು ಅಂಚಿಗೆ ತುಕ್ಕಿನ ಸಣ್ಣ ಮೊಳೆ, ಒಂದು ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಬಿಳಿ ಚಿಪ್ಪು ಎರಡೋ ಮೂರೋ, ಇನ್ನೊಂದು ಮೂಲೆಯಲ್ಲಿ ಗೆದ್ದಲು ಏರಿ ಬಂದು ಒಣಗಿದ ಮಣ್ಣಿನ ಗೆರೆ, ನಡುವೆ ಪೆನ್ಸಿಲಿನಲ್ಲಿ ಮದುವೆಯ ಹೆಣ್ಣುಗಂಡಿನ ಹೆಸರು, ತಾರೀಖು, ಕಲಾವಿದರ ಸಹಿ. ಈ ಬರಹವನ್ನು ಅಲ್ಲೇ ಫೋಟೋ ತೆಗೆದು ಚೀಟಿಗೆ ಬರೆದುಕೊಳ್ಳಬೇಕು. ಮುಂದೆ ಯಾವ ಚಿತ್ರ ಯಾವ ವರ್ಷದ್ದು ಎಂದು ತಿಳಿಸಿದ್ದು ಬಹುಪಾಲು ಈ ಹಿಂಬದಿಗಳೇ. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಿಂದ ಹೋದ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅವರು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಹಳ್ಳಿಗಳಿಂದ ವಸ್ತುಗಳನ್ನು ಒಟ್ಟುಮಾಡಿದವರು. ಮನೆಯಿಂದ ಒಂದು ವಸ್ತು ತರುವಾಗ ಅದರ ಜೊತೆಗಿರುವ ಮಾತನ್ನೂ ತರಬೇಕು ಎಂಬ ಶ್ರದ್ಧೆ ನಮ್ಮ ಸೀಮೆಗೆ ಹೊಸದಲ್ಲ.

ಸ್ವಚ್ಛ ಮಾಡುವ ಉತ್ಸಾಹವನ್ನು ತಡೆಯಬೇಕು. ಗಾಜನ್ನು ಒರೆಸಬಹುದು, ಆಗಲೂ ದ್ರವವನ್ನು ಬಟ್ಟೆಗೆ ಹಾಕಿಕೊಳ್ಳಬೇಕೇ ಹೊರತು ಗಾಜಿಗೆ ಸಿಂಪಡಿಸಬಾರದು, ಅಂಚಿನಿಂದ ಒಳಗೆ ಇಳಿದು ಜಲವರ್ಣದ ಬುಡ ನೆನೆಯುತ್ತದೆ. ತೈಲವರ್ಣದ ಮೇಲಿನ ಧೂಳಿಗೆ ಮೆತ್ತನೆಯ ಅಗಲ ಕುಂಚ, ಅಷ್ಟೇ. ಆಲೂಗಡ್ಡೆ ಹೋಳಿನಿಂದ ಉಜ್ಜಿದರೆ ಹೊಳೆಯುತ್ತದೆ ಎಂಬ ಮಾತನ್ನು ಇಂದಿಗೂ ಹೇಳುತ್ತಾರೆ, ಕೇಳಬಾರದು. ಪಿಷ್ಟ ಬಣ್ಣದ ಬಿರುಕಿನಲ್ಲಿ ಕೂತು ಮುಂದೆ ಬೂಷ್ಟು ಹಿಡಿಯುತ್ತದೆ. ಪೋಸ್ಟರ್ ಬಣ್ಣದ ಚಿತ್ರಗಳಿಗೆ ಕುಂಚವನ್ನೂ ಮುಟ್ಟಿಸಬಾರದು, ಅಂಟು ಸತ್ತಿರುವ ಬಣ್ಣ ಹುಡಿಯಾಗಿ ಬರುತ್ತದೆ. ಭಾವಚಿತ್ರಗಳ ಹಣೆಗೆ ಮನೆಯವರು ಇಟ್ಟ ಕುಂಕುಮ ಗಾಜಿನ ಮೇಲೆ ಇತ್ತು. ಒರೆಸೋಣವೇ ಎಂಬ ಚರ್ಚೆ ನಡೆಯಿತು. ಒರೆಸಲಿಲ್ಲ. ಗ್ಯಾಲರಿಯ ದೀಪದಲ್ಲಿ ಆ ಕುಂಕುಮ ಹಾಗೇ ಕಂಡದ್ದು ಪ್ರದರ್ಶನದ ಘನತೆ ಹೆಚ್ಚಿಸಿತು ಎಂದೇ ನಮ್ಮ ಅಭಿಪ್ರಾಯ.

ಸಾಗಣೆಗೆ ಬಬಲ್ ರ‍್ಯಾಪ್ ಎಲ್ಲರೂ ಬಳಸುತ್ತಾರೆ, ಆದರೆ ತೈಲವರ್ಣಕ್ಕೆ ನೇರವಾಗಿ ಸುತ್ತಿದರೆ ಬಿಸಿಲಿಗೆ ಬಣ್ಣ ಮೆತ್ತಗಾಗಿ ಗುಳ್ಳೆಗಳ ದುಂಡು ಗುರುತು ಅಚ್ಚಾಗುತ್ತದೆ. ಮೊದಲು ತೊಳೆದ ಹಳೆ ಹತ್ತಿ ಪಂಚೆ ಅಥವಾ ಬಟರ್ ಪೇಪರ್, ಅದರ ಮೇಲೆ ಬಬಲ್ ರ‍್ಯಾಪ್, ಗುಳ್ಳೆ ಹೊರಮುಖವಾಗಿ. ಲಗೇಜ್ ಆಟೋದಲ್ಲಿ ಮಲಗಿಸದೆ ನಿಲ್ಲಿಸಿಯೇ ಒಯ್ಯಬೇಕು, ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು, ನಡುನಡುವೆ ಫ್ರಿಜ್ ಬಂದ ರಟ್ಟು. ಒಂದು ಆಟೋಗೆ ಹನ್ನೆರಡು ಹದಿನೈದು ಚಿತ್ರ ಮೀರಿದರೆ ಹಂಪ್ಸ್ ದಾಟುವಾಗ ಚೌಕಟ್ಟುಗಳು ಒಂದನ್ನೊಂದು ಗುದ್ದುತ್ತವೆ.

ತಾರೀಖಿನ ವಿಷಯದಲ್ಲಿ ಎರಡು ಜಗಳ. ಮೊದಲನೆಯದು, ಮೂವತ್ತು ಎಣಿಸುವುದು ಯಾವಾಗಿನಿಂದ? ಮೊದಲ ಪ್ರದರ್ಶನದ ದಿನವೋ, ಸಂಘ ನೋಂದಣಿಯಾದ ದಿನವೋ? ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗಿದ್ದು 1997ರಲ್ಲಿ, ಅದಕ್ಕಿಂತ ಹಿಂದಿನ ಸಂಘಗಳ ಕಾಗದದಲ್ಲೆಲ್ಲ ಚಿತ್ರದುರ್ಗ ಜಿಲ್ಲೆ ಎಂದೇ ಇರುತ್ತದೆ, ನಮ್ಮದರಲ್ಲೂ ಹಾಗೇ. ಸರ್ಟಿಫಿಕೇಟಿನ ತಾರೀಖು ತಡ, ನಡಾವಳಿ ಪುಸ್ತಕದ ಮೊದಲ ಪುಟದ ತಾರೀಖು ಮುಂಚಿನದು. ಐವರೂ ಸಹಿ ಹಾಕಿದ್ದು ಆ ಪುಟದಲ್ಲಿ, ಅದನ್ನೇ ಹಿಡಿದೆವು. ಎರಡನೆಯದು ತಿಂಗಳು. ನಾವು ಆರಿಸಿದ್ದು ಡಿಸೆಂಬರ್ ನಡುವಿನಿಂದ, ಅಂದರೆ ಧನುರ್ಮಾಸ. ಶೂನ್ಯಮಾಸದಲ್ಲಿ ಸಂಭ್ರಮ ಎಂಥದು ಎಂದು ಹಿರಿಯರು ಬೇಸರಿಸಿದರು. ಆದರೆ ಮದುವೆಗಳಿಲ್ಲದ ತಿಂಗಳಾದ್ದರಿಂದ ಆಟೋ, ಜನರೇಟರ್, ಕುರ್ಚಿ, ಅಡುಗೆಯವರು ಎಲ್ಲರೂ ಮೂರನೇ ಒಂದು ಭಾಗ ಕಡಿಮೆಗೆ ಸಿಕ್ಕರು. ಮಳೆಯ ಥಂಡಿ ಹೋಗಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ, ಕಾಗದದ ಚಿತ್ರಗಳಿಗೆ ಇದಕ್ಕಿಂತ ಒಳ್ಳೆಯ ಹವೆ ನಮ್ಮಲ್ಲಿ ಇಲ್ಲ. ಫೆಬ್ರವರಿ ದಾಟಿದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗಡಿಬಿಡಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ವರ್ಷವಾದರೆ ಊರಿನ ಗಮನವೆಲ್ಲ ಅಲ್ಲಿರುತ್ತದೆ. ದೀಪ ಹಚ್ಚುವ ಶಾಸ್ತ್ರವನ್ನು ಧನುರ್ಮಾಸ ಕೂಡುವ ಮೊದಲೇ ಸಣ್ಣದಾಗಿ ಮುಗಿಸಿ ಹಿರಿಯರ ಮನಸ್ಸಿಗೂ ನೋವಾಗದಂತೆ ನೋಡಿಕೊಂಡೆವು.

ತೂಗಿಹಾಕುವುದಕ್ಕೆ ನೈಲಾನ್ ದಾರ ಬೇಡವೇ ಬೇಡ. ಸಂಜೆ ಸಮ ಇದ್ದ ಸಾಲು ಬೆಳಿಗ್ಗೆ ಅರ್ಧ ಇಂಚು ಇಳಿದಿರುತ್ತದೆ, ಅದೂ ಒಂದೊಂದು ಒಂದೊಂದು ಮಟ್ಟಕ್ಕೆ. ಗ್ಯಾಲರಿ ಸಾಮಾನಿನ ಅಂಗಡಿಯ ಸ್ಟೀಲ್ ತಂತಿ ಕೊಕ್ಕೆಗಳ ಸೆಟ್ಟಿಗೆ ಬೆಂಗಳೂರಿನಲ್ಲಿ ಹೇಳಿದ ದರ ನಮ್ಮ ಬಜೆಟ್ಟನ್ನೇ ನುಂಗುತ್ತಿತ್ತು. ನಾವು ಬಳಸಿದ್ದು ಸೈಕಲ್ ಬ್ರೇಕಿನ ಒಳತಂತಿ. ಒಂದೂವರೆ ಮಿಲಿಮೀಟರ್ ದಪ್ಪ, ಐದಡಿಗಿಂತ ಸ್ವಲ್ಪ ಹೆಚ್ಚು ಉದ್ದ, ಸಗಟಿನಲ್ಲಿ ಹದಿನೈದು ಇಪ್ಪತ್ತು ರೂಪಾಯಿ. ತುದಿಯಲ್ಲಿ ಲೋಹದ ಗುಂಡು ಇರುತ್ತದಲ್ಲ, ಅದನ್ನು ಮೇಲಿನ ಅಲ್ಯೂಮಿನಿಯಂ ಚಾನೆಲ್ಲಿನ ಸೀಳಿನಲ್ಲಿ ಕೂರಿಸಿದರೆ ಕೊಕ್ಕೆಯ ಅಗತ್ಯವೇ ಇಲ್ಲ, ಎಡಕ್ಕೂ ಬಲಕ್ಕೂ ಜಾರಿಸಬಹುದು. ಕೆಳತುದಿಗೆ ವೈರ್ ಕ್ಲಿಪ್. ಹತ್ತು ಹನ್ನೆರಡು ಕಿಲೋ ಚೌಕಟ್ಟು ಸಲೀಸಾಗಿ ನಿಂತಿತು. ಚಾನೆಲ್ಲಿನ ಸೀಳು ಗುಂಡಿಗಿಂತ ಕಿರಿದಾಗಿರಬೇಕು, ಇದೊಂದನ್ನು ಅಂಗಡಿಯಲ್ಲೇ ಗುಂಡು ಹಿಡಿದು ನೋಡಿ ತರಬೇಕು. ಚಿತ್ರದ ನಡುಮಟ್ಟ ನೆಲದಿಂದ 58 ಇಂಚು ಎಂಬುದು ರೂಢಿ. ನಮ್ಮಲ್ಲಿ ಬೆಳಗಿನ ಹೊತ್ತು ಶಾಲೆಯ ಮಕ್ಕಳೇ ಬರುವುದರಿಂದ 55ಕ್ಕೆ ಇಳಿಸಿದೆವು, ದೊಡ್ಡವರಿಗೆ ಏನೂ ತೊಂದರೆಯಾಗಲಿಲ್ಲ. ಏಣಿ ಹತ್ತುವ ಕೆಲಸ ಪೂರ್ತಿ ನಮ್ಮ ಊರಿನ ದೃಶ್ಯಕಲಾ ಮಹಾವಿದ್ಯಾಲಯದ ಹುಡುಗ ಹುಡುಗಿಯರದು. ಕಣ್ಣಳತೆಯಲ್ಲಿ ಅವರನ್ನು ಮೀರಿಸುವವರಿಲ್ಲ.

ದೀಪ 3000 ಕೆಲ್ವಿನ್ನಿನ (ಬೆಚ್ಚನೆ ಹಳದಿ ಬೆಳಕಿನ) 12 ವ್ಯಾಟ್ ಫೋಕಸ್, 24. ಅಗ್ಗದ ದೀಪದಲ್ಲಿ ಕೆಂಪು ಸತ್ತು ಕಂದಾಗುತ್ತದೆ. ಅಂಗಡಿಯಲ್ಲಿ ಡಬ್ಬದ ಮೇಲಿನ ಸಿಆರ್‌ಐ ನೋಡಿ, ಅದು ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಂಕ, 90ಕ್ಕಿಂತ ಮೇಲಿರಲಿ. ಡಬ್ಬವನ್ನು ನಂಬದಿದ್ದರೆ ಒಂದು ತಟ್ಟೆಯಲ್ಲಿ ಕುಂಕುಮ, ಅರಿಶಿನ ಇಟ್ಟು ಮೊದಲು ಬಾಗಿಲ ಬಿಸಿಲಲ್ಲಿ, ಆಮೇಲೆ ದೀಪದ ಕೆಳಗೆ ನೋಡಿ, ಕಣ್ಣಿಗೇ ಗೊತ್ತಾಗುತ್ತದೆ. ಗಾಜಿನಲ್ಲಿ ಪ್ರತಿಫಲನ ಬರದಿರಲು ದೀಪದ ಬೆಳಕು ನೆಟ್ಟನೆಯಿಂದ 30 ಡಿಗ್ರಿ ಓರೆಯಲ್ಲಿ ಬೀಳಬೇಕು. ಜಲವರ್ಣ, ಹಳೆಯ ಫೋಟೋಗಳಿಗೆ 50 ಲಕ್ಸ್ (ಬೆಳಕಿನ ಅಳತೆ), ತೈಲವರ್ಣಕ್ಕೆ 200 ಸಾಕು. ಕರೆಂಟ್ ಹೋದರೆ 24 ದೀಪಕ್ಕೆ 290 ವ್ಯಾಟಿನಷ್ಟು ಬೇಕು, 150 ಆಂಪಿಯರ್‌ ಅವರ್‌ನ ಒಂದು ಇನ್ವರ್ಟರ್ ಬ್ಯಾಟರಿ ಮೂರು ಗಂಟೆ ಎಳೆಯುತ್ತದೆ, ಹಳೆಯದಾದರೆ ಎರಡು.

ಹೆಸರುಚೀಟಿ ಅಂಟಿಸಲು ಡಬಲ್ ಟೇಪ್ ಹಾಕಿದಲ್ಲೆಲ್ಲ ಡಿಸ್ಟೆಂಪರ್ ಕಿತ್ತು ಬಂತು. ಸಿನಿಮಾ ಪೋಸ್ಟರ್ ಅಂಟಿಸುವವರ ದಾರಿಯೇ ಸರಿ: ಮೈದಾ ಅಂಟು, ಜಿರಲೆ ಬಾರದಂತೆ ಚಿಟಿಕೆ ಮೈಲುತುತ್ತ. ತೆಗೆಯುವಾಗ ಒದ್ದೆ ಬಟ್ಟೆ ಒತ್ತಿದರೆ ಗೋಡೆಗೆ ಏನೂ ಆಗುವುದಿಲ್ಲ. ಅಕ್ಷರ 30 ಪಾಯಿಂಟಿಗಿಂತ ಚಿಕ್ಕದು ಬೇಡ, ನೋಡಲು ಬರುವವರಲ್ಲಿ ಅರ್ಧ ಮಂದಿ ಅರವತ್ತು ದಾಟಿದವರು.

ಇನ್ನು ಕಟ್ಟಿದವರ ವಿಷಯ. ಇಬ್ಬರು ಡ್ರಾಯಿಂಗ್ ಮೇಷ್ಟ್ರು, ಒಬ್ಬರು ಅಂಗಡಿ ಬೋರ್ಡ್ ಬರೆಯುತ್ತಿದ್ದವರು, ಒಬ್ಬರು ಫೋಟೋ ಸ್ಟುಡಿಯೋದವರು, ಒಬ್ಬರು ಹತ್ತಿ ಮಿಲ್ಲಿನಲ್ಲಿ ಪಾಳಿ ಮುಗಿಸಿ ಬಂದು ಬರೆಯುತ್ತಿದ್ದವರು. ಐವರಲ್ಲಿ ಇಬ್ಬರು ಈಗಿಲ್ಲ. ಫಲಕದಲ್ಲಿ ಯಾರ ಹೆಸರು ಮೊದಲು ಎಂಬ ಪ್ರಶ್ನೆ ಇಂಥಲ್ಲಿ ಸಂಘಗಳನ್ನೇ ಒಡೆದಿದೆ. ವಯಸ್ಸಿನ ಪ್ರಕಾರ ಎಂದರೆ ಒಬ್ಬರಿಗೆ ಬೇಸರ, ಅಕಾರಾದಿ ಎಂದರೆ ಇನ್ನೊಬ್ಬರಿಗೆ. ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಸಹಿ ಯಾವ ಕ್ರಮದಲ್ಲಿ ಬಿದ್ದಿದೆಯೋ ಅದೇ ಕ್ರಮ ಎಂದೆವು, ಆ ಪುಟವನ್ನೇ ದೊಡ್ಡದು ಮಾಡಿ ಬಾಗಿಲಲ್ಲಿ ಹಾಕಿದೆವು. ಸ್ವತಃ ಅವರದೇ ಕೈಬರಹವಾದ್ದರಿಂದ ಯಾರೂ ಎದುರಾಡಲಿಲ್ಲ. ಪಕ್ಕದಲ್ಲಿ ಮೊದಲ ವರ್ಷದ ಖರ್ಚಿನ ಪುಸ್ತಕ: ಟ್ಯೂಬ್‌ಲೈಟ್, ಮೊಳೆ, ಸುಣ್ಣ, ಚಹಾದ ಉದ್ರಿ ಬಾಕಿ. ಬಾಡಿಗೆಯ ಅಂಕಣ ವರ್ಷಗಟ್ಟಲೆ ಖಾಲಿ. ಬಾಡಿಗೆ ತೆಗೆದುಕೊಳ್ಳದೆ ಜಾಗ ಬಿಟ್ಟುಕೊಟ್ಟ ಮನೆಯವರನ್ನು, ಕೂಲಿ ಹಿಡಿಯದೆ ಮೊದಲ ಚೌಕಟ್ಟು ಕಟ್ಟಿಕೊಟ್ಟ ಬಡಗಿಯವರನ್ನು ಹುಡುಕಲು ದಾರಿ ತೋರಿದ್ದು ಆ ಪುಸ್ತಕವೇ. ಅವರನ್ನೂ ಐವರ ಸಾಲಿನಲ್ಲೇ ಕೂರಿಸಿದೆವು. ಸಂಸ್ಥೆ ಕಟ್ಟಿದವರೆಂದರೆ ಸಹಿ ಹಾಕಿದವರು ಮಾತ್ರ ಎಂದುಕೊಳ್ಳುವುದು ಅನ್ಯಾಯ.

ಹಿರಿಯರ ಮಾತು ರೆಕಾರ್ಡ್ ಮಾಡುವವರಿಗೆ ಒಂದು ಮಾತು. ಗ್ಯಾಲರಿ ಹೇಗೆ ಶುರುವಾಯಿತು ಎಂದು ಕೇಳಿದರೆ ಭಾಷಣ ಬರುತ್ತದೆ. ಕೈಗೆ ಹಳೆಯ ನೆಗೆಟಿವ್, ಬೋರ್ಡ್ ಬರೆಯುವ ಚಪ್ಪಟೆ ಕುಂಚ, ಮೊದಲ ಕರಪತ್ರ ಕೊಟ್ಟು ಸುಮ್ಮನೆ ಕೂತರೆ ಕೆಲಸದ ಮಾತು ಬರುತ್ತದೆ. ಬೆಳಗಿನ ಹೊತ್ತು, 40 ನಿಮಿಷ ಮೀರದಂತೆ. ಫೋನನ್ನು ಮಡಚಿದ ಟವೆಲ್ ಮೇಲೆ ಇಡಬೇಕು, ಬರೀ ಟೀಪಾಯಿಯ ಮೇಲಿಟ್ಟರೆ ಫ್ಯಾನಿನ ಗುಂಯ್ ಎಂಬ ಸದ್ದೇ ತುಂಬಿರುತ್ತದೆ. ಆಲ್ಬಮ್ಮುಗಳಲ್ಲಿ ಅಂಟುಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚಿದ ಬಗೆಯವೇ ಹೆಚ್ಚು. ಫೋಟೋವನ್ನು ಎಳೆದರೆ ಹರಿಯುತ್ತದೆ, ಡೆಂಟಲ್ ಫ್ಲಾಸನ್ನು ಕೆಳಗೆ ತೂರಿಸಿ ಗರಗಸದ ಹಾಗೆ ಆಡಿಸಿದರೆ ಬಿಡಿಸಿಕೊಳ್ಳುತ್ತದೆ. ಆ ಕಾಲದ ಕಲರ್ ಫೋಟೋಗಳು ಕೆಂಪಗಾಗಿರುವುದು ಅದರಲ್ಲಿನ ಸಯಾನ್ (ನೀಲಿ-ಹಸಿರು) ಬಣ್ಣ ಮೊದಲು ಮಾಸುವುದರಿಂದ. ಸ್ಕ್ಯಾನ್ ಮಾಡಿ ಸರಿಪಡಿಸಬಹುದು, ಆದರೆ ನೆಗೆಟಿವ್ ಸಿಕ್ಕರೆ ಅದನ್ನೇ 2400 ಡಿಪಿಐಗೆ ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡುವುದು ಮೇಲು. ಸ್ಟುಡಿಯೋದವರು ತಗಡಿನ ಡಬ್ಬದಲ್ಲಿ ನೆಗೆಟಿವ್ ಜೋಪಾನ ಮಾಡಿದ್ದು ನಮ್ಮ ಪುಣ್ಯ.

ನಡುವೆ ಒಂದೆರಡು ಪ್ರಯೋಗಗಳೂ ನಡೆದವು. ನಮ್ಮ ಸೀಮೆಯ ಕರಿ ಕಂಬಳಿಯನ್ನು ಚಿತ್ರಗಳ ಹಿಂದೆ ಹಾಸಿನಂತೆ ಇಳಿಬಿಟ್ಟು ನೋಡಿದೆವು. ನೋಟ ಅದ್ಭುತ, ಜಲವರ್ಣದ ಬಿಳುಪು ಎದ್ದು ಬರುತ್ತದೆ. ಆದರೆ ಉಣ್ಣೆಯ ನವಿರು ಉದುರಿ ಚೌಕಟ್ಟಿನ ಮೇಲೆ ಕೂರುತ್ತದೆ, ನುಸಿ ಬರುವ ಭಯ ಬೇರೆ. ಒಂದೇ ಗೋಡೆಗೆ ಸೀಮಿತ ಮಾಡಿ ಉಳಿದೆಡೆ ಮಂಡಿಪೇಟೆಯಿಂದ ಕೋರಾ ಬಟ್ಟೆ ತಂದು ಬಿಗಿದೆವು. ಚಿತ್ರದ ಪಕ್ಕ ಕ್ಯೂಆರ್ ಕೋಡ್ ಹಾಕಿ ಕಲಾವಿದರ ದನಿ ಕೇಳಿಸುವ ಏರ್ಪಾಡು ಮಾಡಿದ್ದೆವು. ಬಳಸಿದವರು ಬೆರಳೆಣಿಕೆ. ಬದಲಿಗೆ ಹಳೆಯ ಲ್ಯಾಂಡ್‌ಲೈನ್ ರಿಸೀವರಿನೊಳಗೆ ಸಣ್ಣ ಎಂಪಿ3 ಪ್ಲೇಯರ್ ಕೂರಿಸಿ ಮೇಜಿನ ಮೇಲಿಟ್ಟ ದಿನದಿಂದ ಮಕ್ಕಳ ಸಾಲು ಕರಗಲೇ ಇಲ್ಲ. ಅದರ ಒಳಜೋಡಣೆ ನಮ್ಮ ಹುಡುಗರ ಗುಟ್ಟು, ಅವರೇ ಹೇಳಲಿ.

ಇಪ್ಪತ್ತು ಚಿತ್ರಗಳ ಒಂದು ಕಟ್ಟನ್ನು ಚಿತ್ರದುರ್ಗಕ್ಕೂ ಒಯ್ಯುವ ಆಸೆಯಿತ್ತು. ಸುಮಾರು 60 ಕಿ.ಮೀ. ಹೆದ್ದಾರಿ, ಕಷ್ಟವೇನಲ್ಲ. ಆದರೆ ಚೀಟಿಯಲ್ಲಿ ದಾವಣಗೆರೆ ಗ್ಯಾಲರಿ ಎಂದು ಬರೆದು ತಂದ ಚಿತ್ರವನ್ನು ಬೇರೆ ಊರಿಗೆ ಒಯ್ಯುವುದು ಮಾತಿಗೆ ತಪ್ಪಿದಂತೆ, ಹಾಗಾಗಿ ನಕಲುಗಳ ಎರಡನೇ ಪ್ರತಿ ಒಯ್ದೆವು. ನಕಲು ನೋಡಿದ ಅಲ್ಲಿನ ಗೆಳೆಯರು ತಮ್ಮ ಊರಿನ ಮನೆಗಳಲ್ಲಿ ಹುಡುಕಾಟ ಶುರು ಮಾಡಿದ್ದಾರೆ.

ಸ್ಮರಣ ಸಂಚಿಕೆ 96 ಪುಟ, 500 ಪ್ರತಿ. ಆರ್ಟ್ ಪೇಪರಿಗೆ ಬರೀ ಅಂಟಿನ ಬೈಂಡಿಂಗ್ ಹಾಕಿಸಿದರೆ ಎರಡು ಸಲ ಬಿಡಿಸುವಷ್ಟರಲ್ಲಿ ಹಾಳೆ ಕಳಚುತ್ತದೆ, ಪ್ರತಿಗೆ ಹತ್ತು ಹದಿನೈದು ರೂಪಾಯಿ ಹೆಚ್ಚಾದರೂ ಹೊಲಿಗೆ ಹಾಕಿಸಬೇಕು. ಯೂನಿಕೋಡಿನಲ್ಲಿ ಕಳಿಸಿದ ಲೇಖನಗಳನ್ನು ಪ್ರೆಸ್ಸಿನವರು ನುಡಿ ತಂತ್ರಾಂಶದ ಅಕ್ಷರಕ್ಕೆ ಬದಲಿಸಿದಾಗ ಅರ್ಕಾವೊತ್ತುಗಳು ದಿಕ್ಕಾಪಾಲಾಗಿದ್ದವು, ಒಬ್ಬ ಸಂಸ್ಥಾಪಕರ ಹೆಸರೂ ಸೇರಿ. ಕೊನೆಯ ಕರಡನ್ನು ಬದಲಾವಣೆ ಆದ ಮೇಲೆಯೇ ಓದಬೇಕು, ಮೊದಲು ಓದಿ ಪ್ರಯೋಜನವಿಲ್ಲ.

ಲೆಕ್ಕ ನೆನಪಿನಿಂದ ಹೇಳುವುದಾದರೆ ಒಟ್ಟು ಮೂರು ಲಕ್ಷ ಚಿಲ್ಲರೆ. ಸಂಚಿಕೆಗೆ ಒಂದು ಲಕ್ಷದ ಮೇಲೆ, ನಕಲುಗಳಿಗೆ 35 ಸಾವಿರ, ಅದರ ಮೇಲೆ ಐದಾರು ಸಾವಿರ ಫ್ಲೆಕ್ಸ್ ಮತ್ತು ತೆಳು ಬೋರ್ಡಿನ ನಷ್ಟ. ದೀಪ ವೈರಿಂಗ್ 30 ಸಾವಿರ, ಬಟ್ಟೆ ಮತ್ತು ಚಾನೆಲ್ 25, ಚೌಕಟ್ಟು ರಿಪೇರಿ ಹಿಂಬದಿ ರಟ್ಟು ಬದಲಾವಣೆ 20, ಸಾಗಣೆ ಹತ್ತು ಹನ್ನೆರಡು, ಉಳಿದದ್ದು ಊಟ, ಚಹಾ, ರಾತ್ರಿ ಕಾವಲು, ಬಿಡಿ ಖರ್ಚು. ವೇದಿಕೆ ಶಾಮಿಯಾನ ಬಿಟ್ಟದ್ದರಿಂದಲೇ ಒಂದು ಲಕ್ಷ ಉಳಿಯಿತು. ಬಂದದ್ದು ಸಂಚಿಕೆಯ ಜಾಹೀರಾತಿನಿಂದ ಒಂದೂವರೆ ಲಕ್ಷ, ಸದಸ್ಯರ ದೇಣಿಗೆ ಒಂದು ಲಕ್ಷ, ನಕಲುಗಳ ಮಾರಾಟದಿಂದ ಕೊನೆಯಲ್ಲಿ 40 ಸಾವಿರದಷ್ಟು. ಈ ಕೊನೆಯದು ನಾವು ಎಣಿಸಿಯೇ ಇರದ ಹಣ. ತಮ್ಮ ಅಣ್ಣತಮ್ಮಂದಿರ ಮನೆಗೂ ಒಂದಿರಲಿ ಎಂದು ಜನ ಕೇಳಿ ಮಾಡಿಸಿಕೊಂಡರು. ಕಲಾವಿದರಿಗೆ ಅಥವಾ ಅವರ ಮನೆಯವರಿಗೆ ಅದರಲ್ಲಿ ಅರ್ಧ ಪಾಲು ಮೊದಲೇ ನಿಗದಿ ಮಾಡಿಟ್ಟಿದ್ದರಿಂದ ಒಂದು ಮಾತೂ ಬರಲಿಲ್ಲ.

ವಾಪಸ್ ಕೊಡುವುದನ್ನು ತರುವುದಕ್ಕಿಂತ ಹೆಚ್ಚು ಜಾಗ್ರತೆಯಿಂದ ಮಾಡಬೇಕು. ಚೀಟಿಯ ಎರಡೂ ಪ್ರತಿ ಹಿಡಿದು, ಚಿತ್ರವನ್ನು ಅವರ ಎದುರಿಗೇ ಬಿಚ್ಚಿ, ಗುರುತುಗಳನ್ನು ಒಂದೊಂದಾಗಿ ತೋರಿಸಿ ಸಹಿ ಪಡೆಯಬೇಕು. ಹಳೆಯ ಮೊಳೆಗೆ ಮತ್ತೆ ಹಾಕಬಾರದು, ಹೊಸ ಸ್ಕ್ರೂ ಮತ್ತು ಗೋಡೆಯ ಪ್ಲಗ್ ನಾವೇ ಒಯ್ದು ಹಾಕಿಕೊಟ್ಟೆವು. ಹಿಂಬದಿಗೆ ಹೊಸ ರಟ್ಟು, ಗೋಡೆ ತಾಗದಂತೆ ಕೆಳಮೂಲೆಗಳಿಗೆ ಎರಡು ಬೆಣೆ. ಏಳೆಂಟು ಮನೆಯವರು ನಕಲನ್ನೇ ಉಳಿಸಿಕೊಂಡು ಮೂಲವನ್ನು ಗ್ಯಾಲರಿಗೆ ಬಿಟ್ಟುಕೊಟ್ಟಿದ್ದಾರೆ, ದಾನಪತ್ರವನ್ನು ಛಾಪಾಕಾಗದದಲ್ಲಿ ಬರೆಸಿದ್ದೇವೆ. ಅವನ್ನು ಸ್ಟೀಲ್ ಬೀರುವಿನಲ್ಲಿ ನಿಲ್ಲಿಸಿ ಇಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿದ್ದೇವೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬೇಕು.

ಐವತ್ತು ಚಿತ್ರಗಳ ಮಟ್ಟಿಗೆ ಇದನ್ನು ಮಾಡಲು ಹೊರಟವರು, ಸಂಚಿಕೆ ಬಿಟ್ಟರೆ, 80 ಸಾವಿರದಲ್ಲಿ ಮುಗಿಸಬಹುದು. ಕಪ್ಪು ಬಟ್ಟೆ, ಪೋಲರೈಸಿಂಗ್ ಹಾಳೆ, ಬ್ರೇಕ್ ತಂತಿಗಳು, ಚಾನೆಲ್ಲು ನಮ್ಮಲ್ಲೇ ಇವೆ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಯ ಯಾವ ಸಂಘ ಕೇಳಿದರೂ ಬಾಡಿಗೆಯಿಲ್ಲದೆ ಕೊಡುತ್ತೇವೆ. ಸಾಗಣೆ ಮಾತ್ರ ಅವರದು.